ಎಲ್‌ಇಡಿ ಯಾಕೆ ಹತ್ತುತ್ತಿಲ್ಲ? ಮೊದಲ ಸರ್ಕ್ಯೂಟನ್ನು ಅಳೆಯುತ್ತಾ ಕಟ್ಟುವ ಕ್ರಮ

ನಾಲ್ಕು ಸೆಲ್, ಒಂದು ರೆಸಿಸ್ಟರ್, ಒಂದು ಎಲ್‌ಇಡಿ. ಇಷ್ಟೇ ಸಾಮಾನು. ಆದರೂ ಇದನ್ನು ಜೋಡಿಸಲು ಕೂತವರಿಂದ ಮೂರು ದೂರು ಮತ್ತೆ ಮತ್ತೆ ಬರುತ್ತವೆ. ಎಲ್‌ಇಡಿ ಹತ್ತಲೇ ಇಲ್ಲ. ಒಮ್ಮೆ ಜೋರಾಗಿ ಮಿಂಚಿ ಸುಟ್ಟುಹೋಯಿತು. ಏನೂ ಹತ್ತಲಿಲ್ಲ, ಸೆಲ್ ಮಾತ್ರ ಬಿಸಿಯಾಯಿತು. ಹತ್ತನೇ ತರಗತಿಯಲ್ಲಿ ಓಮ್‌ನ ನಿಯಮ ಓದಿ, ಅದರ ಲೆಕ್ಕಕ್ಕೆ ಪೂರ್ತಿ ಅಂಕ ತೆಗೆದ ಮಕ್ಕಳೂ ಇಲ್ಲಿ ಎಡವುತ್ತಾರೆ.

ನಿಯಮ ಗೊತ್ತಿಲ್ಲ ಅಂತಲ್ಲ. ಎಲ್ಲವನ್ನೂ ಒಟ್ಟಿಗೆ ಜೋಡಿಸಿ, ಸೆಲ್ ಹಾಕಿ, ಹತ್ತದಿದ್ದಾಗ ಮಾತ್ರ ಯೋಚನೆ ಶುರುವಾಗುತ್ತದೆ. ಅಷ್ಟೊತ್ತಿಗೆ ತಪ್ಪು ಹತ್ತು ಜಾಗದಲ್ಲಿ ಎಲ್ಲಿ ಬೇಕಾದರೂ ಇರಬಹುದು. ಹಾಗಾಗಿ ಇಲ್ಲಿನ ಕ್ರಮ ಬೇರೆ: ಪ್ರತಿ ಹಂತದಲ್ಲೂ ಮೊದಲು ಮೀಟರ್ (ವೋಲ್ಟೇಜ್, ಕರೆಂಟ್, ಓಮ್ ಅಳೆಯುವ ಮಲ್ಟಿಮೀಟರ್), ಆಮೇಲೆ ಜೋಡಣೆ. ಮೀಟರ್ ಇಲ್ಲದೆಯೂ ಎಲ್‌ಇಡಿ ಹತ್ತಿಸಬಹುದು, ನಿಜ. ಆದರೆ ಹತ್ತದಿದ್ದಾಗ ಊಹೆ ಬಿಟ್ಟು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

## ಮೊದಲು ಇದು: ಯಾವುದನ್ನು ಮುಟ್ಟಬಾರದು

ಗೋಡೆಯ ಪ್ಲಗ್‌ನಲ್ಲಿ ಇರುವುದು 230 ವೋಲ್ಟ್. ಇಲ್ಲಿ ಹೇಳುವ ಯಾವ ಪ್ರಯೋಗಕ್ಕೂ ಅದು ಬೇಡ. "ಸುಮ್ನೆ ಒಂದು ಸಲ ಅಳೆದು ನೋಡೋಣ" ಅಂತ ಮೀಟರ್‌ನ ಕಡ್ಡಿಗಳನ್ನು ಪ್ಲಗ್‌ಗೆ ತೂರಿಸಬೇಡಿ. ನಾಬ್ ತಪ್ಪು ಜಾಗದಲ್ಲಿದ್ದರೆ ಮೀಟರ್ ಕೈಯಲ್ಲೇ ಸಿಡಿಯಬಹುದು. ಶಾಕ್‌ನಿಂದ ಜೀವ ಹೋಗಬಹುದು.

ವೋಲ್ಟೇಜ್ ಕಡಿಮೆ ಇದ್ದ ಮಾತ್ರಕ್ಕೆ ಅಪಾಯ ಇಲ್ಲ ಅನ್ನುವ ನಂಬಿಕೆಯೂ ತಪ್ಪು. ಬೈಕಿನ ಬ್ಯಾಟರಿ, ಯುಪಿಎಸ್ ಬ್ಯಾಟರಿ ಬರೀ 12 ವೋಲ್ಟ್. ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಆದರೆ ಅದರ ಎರಡು ತುದಿಗೆ ಒಂದು ವೈರ್ ನೇರ ತಾಗಿದರೆ ವೈರ್ ಕೆಂಪಗೆ ಕಾದು ಕೈ ಸುಡುತ್ತದೆ. ಹಳೆಯ ಮೊಬೈಲ್, ಲ್ಯಾಪ್‌ಟಾಪ್‌ನಿಂದ ಬಿಚ್ಚಿದ ಲಿಥಿಯಂ ಸೆಲ್ ಇನ್ನೂ ಕೆಟ್ಟದ್ದು. ಶಾರ್ಟ್ ಆದರೆ ಬೆಂಕಿ ಹತ್ತಬಹುದು. ಕಲಿಯುವಾಗ ಇವು ಯಾವುವೂ ಮೇಜಿನ ಮೇಲೆ ಇರಬಾರದು.

## ಬೇಕಾದ ಸಾಮಾನು

- ಪೆನ್ಸಿಲ್ ಸೆಲ್ 4 (ಗೋಡೆ ಗಡಿಯಾರಕ್ಕೆ ಹಾಕುವ 1.5 ವೋಲ್ಟಿನವು) ಮತ್ತು ನಾಲ್ಕು ಸೆಲ್ ಹಿಡಿಯುವ ಹೋಲ್ಡರ್
- 5 ಮಿಲಿಮೀಟರ್ ಎಲ್‌ಇಡಿ: ಕೆಂಪು ನಾಲ್ಕೈದು, ನೀಲಿ ಒಂದೆರಡು
- ಕಾಲು ವಾಟ್‌ನ ರೆಸಿಸ್ಟರ್: 470 ಓಮ್ ನಾಲ್ಕೈದು, 220 ಓಮ್ ಎರಡು
- ಸಣ್ಣ ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ಕಾಲು ಚುಚ್ಚಿ ಜೋಡಿಸುವ ತೂತುಗಳ ಹಲಗೆ), ಅದಕ್ಕೆ ಚುಚ್ಚುವ ಜಂಪರ್ ವೈರ್ ಒಂದು ಕಟ್ಟು
- ಡಿಜಿಟಲ್ ಮಲ್ಟಿಮೀಟರ್ (ಅತಿ ಅಗ್ಗದ್ದೇ ಸಾಕು)

ಬೆಂಗಳೂರಿನವರಿಗೆ ಎಸ್‌ಪಿ ರಸ್ತೆಯಲ್ಲಿ ಇದೆಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತದೆ. ಬೇರೆ ಊರುಗಳಲ್ಲಿ ಟಿವಿ, ರೇಡಿಯೋ ರಿಪೇರಿ ಮಾಡುವವರ ಹತ್ತಿರ ಕೇಳಿ. ಎಲ್‌ಇಡಿ, ರೆಸಿಸ್ಟರ್ ಬಹಳ ಅಗ್ಗ. ಒಂದೊಂದೇ ತರಬೇಡಿ.

ಬಹಳ ಜನ ಚೌಕದ 9 ವೋಲ್ಟ್ ಬ್ಯಾಟರಿಯಿಂದ ಶುರು ಮಾಡುತ್ತಾರೆ. ನನ್ನ ಸಲಹೆ: ಬೇಡ. ಅದು ಬೇಗ ಖಾಲಿಯಾಗುತ್ತದೆ. ಅದರ ಪ್ಲಸ್, ಮೈನಸ್ ಎರಡೂ ಒಂದೇ ತಲೆಯ ಮೇಲೆ ಅಕ್ಕಪಕ್ಕ ಇರುವುದರಿಂದ ಜೇಬಿನ ಚಿಲ್ಲರೆ ತಾಗಿದರೂ ಶಾರ್ಟ್ ಆಗುತ್ತದೆ. ಪೆನ್ಸಿಲ್ ಸೆಲ್ ಯಾವ ಅಂಗಡಿಯಲ್ಲೂ ಸಿಗುತ್ತದೆ, ಒಂದು ಕೆಟ್ಟರೆ ಒಂದನ್ನೇ ಬದಲಾಯಿಸಬಹುದು.

## ಹಂತ 1: ಮೀಟರ್ ಸಿದ್ಧ ಮಾಡಿಕೊಳ್ಳಿ

ಅಗ್ಗದ ಮೀಟರ್‌ಗಳಲ್ಲಿ ಕೆಳಗೆ ಮೂರು ತೂತು ಇರುತ್ತವೆ. ಕಪ್ಪು ವೈರ್ ಯಾವಾಗಲೂ "ಕಾಮ್" ಎಂಬ ಗುರುತಿನ ತೂತಿಗೆ. ಕೆಂಪು ವೈರ್ ವೋಲ್ಟ್, ಓಮ್, ಮಿಲಿಆಂಪಿಯರ್ ಗುರುತಿರುವ ತೂತಿಗೆ. ಮೂರನೆಯದು 10 ಆಂಪಿಯರ್‌ನದು. ಅದನ್ನು ಈ ಇಡೀ ಪಾಠದಲ್ಲಿ ಮುಟ್ಟಬೇಡಿ. ಅಗ್ಗದ ಮೀಟರ್‌ಗಳಲ್ಲಿ ಆ ತೂತಿಗೆ ಫ್ಯೂಸ್ ಕೂಡ ಇರುವುದಿಲ್ಲ.

ನಾಬ್‌ನ ಸುತ್ತ ಎರಡು ಥರದ ವೋಲ್ಟ್ ಜಾಗ ಕಾಣುತ್ತವೆ. ಅಲೆಯ ಗೆರೆ ಇರುವುದು ಎಸಿ, ಅಂದರೆ ಮನೆಯ ಸಪ್ಲೈ ಥರದ್ದು. ನೇರ ಗೆರೆ, ಅದರ ಕೆಳಗೆ ತುಂಡು ಗೆರೆ ಇರುವುದು ಡಿಸಿ. ಸೆಲ್‌ಗೆ ಡಿಸಿ ಬೇಕು. ಅದರಲ್ಲಿ 20 ಎಂಬ ಜಾಗಕ್ಕೆ ತಿರುಗಿಸಿ. 20 ವೋಲ್ಟ್‌ವರೆಗೆ ಅಳೆಯುತ್ತದೆ ಅಂತ ಅರ್ಥ.

ಪರದೆಯ ಎಡ ತುದಿಯಲ್ಲಿ ಬರೀ "1" ಬಂದರೆ ಅದು ಒಂದು ವೋಲ್ಟ್ ಅಲ್ಲ, ಒಂದು ಓಮ್ ಕೂಡ ಅಲ್ಲ. ಅಳತೆ ಈ ಜಾಗದ ಮಿತಿ ಮೀರಿದೆ ಎಂಬ ಸೂಚನೆ. ಇದನ್ನು ಅಂಕಿ ಅಂತ ಓದಿ ದಾರಿ ತಪ್ಪುವವರು ಜಾಸ್ತಿ. ಅಂಕಿಯ ಮುಂದೆ ಮೈನಸ್ ಗುರುತು ಬಂದರೆ ಗಾಬರಿ ಬೇಡ. ಕೆಂಪು, ಕಪ್ಪು ಕಡ್ಡಿಗಳನ್ನು ಅದಲುಬದಲು ಹಿಡಿದಿದ್ದೀರಿ, ಅಷ್ಟೇ.

## ಹಂತ 2: ಸೆಲ್ ಅಳೆಯಿರಿ

ಹೋಲ್ಡರ್‌ಗೆ ಹಾಕುವ ಮೊದಲೇ ಒಂದೊಂದೇ ಸೆಲ್ ಅಳೆಯಿರಿ. ಹೊಸದು 1.5ರಿಂದ 1.6 ವೋಲ್ಟ್ ತೋರಿಸುತ್ತದೆ. 1.2ಕ್ಕಿಂತ ಕೆಳಗೆ ಇಳಿದದ್ದನ್ನು ಪಕ್ಕಕ್ಕಿಡಿ. ರೀಚಾರ್ಜ್ ಮಾಡುವ ಸೆಲ್ ಆದರೆ 1.2 ಸಹಜ, ಆಗ ನಾಲ್ಕು ಸೇರಿ ಸುಮಾರು 4.8 ವೋಲ್ಟ್ ಅಂತ ಲೆಕ್ಕ ಇಟ್ಟುಕೊಳ್ಳಿ. ಹೊಸ ಸೆಲ್ ಜೊತೆ ಹಳೆಯದನ್ನು ಬೆರೆಸಬೇಡಿ.

ಈಗ ನಾಲ್ಕನ್ನೂ ಹೋಲ್ಡರ್‌ಗೆ ಹಾಕಿ, ಹೊರಗೆ ಬಂದಿರುವ ಕೆಂಪು, ಕಪ್ಪು ವೈರ್‌ಗಳ ನಡುವೆ ಅಳೆಯಿರಿ. 6ರಿಂದ 6.4 ಬರಬೇಕು. 3 ವೋಲ್ಟ್ ಆಸುಪಾಸು ಬಂತಾ? ಒಂದು ಸೆಲ್ ತಿರುಗುಮುರುಗಾಗಿದೆ. ಅದು ಬರೀ ತನ್ನ ಪಾಲನ್ನು ಬಿಡುವುದಲ್ಲ, ಇನ್ನೊಂದರ ಪಾಲನ್ನೂ ಕಳೆಯುತ್ತದೆ. ಅದಕ್ಕೇ 4.5 ಅಲ್ಲ, 3. ಸೊನ್ನೆ ಬಂದರೆ ಎರಡು ಸೆಲ್ ತಿರುಗಿವೆ, ಇಲ್ಲವೇ ಯಾವುದೋ ಸ್ಪ್ರಿಂಗ್ ಸೆಲ್‌ಗೆ ತಾಗುತ್ತಿಲ್ಲ.

ಬಂದ ಅಂಕಿಯನ್ನು ಒಂದು ಹಾಳೆಯಲ್ಲಿ ಬರೆದಿಡಿ. ಮುಂದೆ ಪ್ರತಿ ಅಳತೆಯನ್ನೂ ಇದಕ್ಕೆ ಹೋಲಿಸುತ್ತೇವೆ. ಇಲ್ಲಿ ನಾನು 6.3 ಅಂತ ಹಿಡಿಯುತ್ತೇನೆ. ಆಮೇಲೆ ಒಂದು ಸೆಲ್ ತೆಗೆದು ಪಕ್ಕಕ್ಕಿಡಿ. ಜೋಡಣೆ ಮುಗಿಯುವವರೆಗೆ ಅದು ಹೊರಗೇ ಇರಲಿ.

## ಹಂತ 3: ರೆಸಿಸ್ಟರ್ ಎಷ್ಟರದ್ದು ಬೇಕು?

ಎಲ್‌ಇಡಿ ಯಾಕೆ ಸುಡುತ್ತದೆ ಅನ್ನುವುದಕ್ಕೆ ಉತ್ತರ ಇಲ್ಲಿದೆ. ಹಳೆಯ ಟಾರ್ಚಿನ ಬಲ್ಬಿಗೆ ತನ್ನದೇ ಆದ ರೋಧ ಇತ್ತು. ವೋಲ್ಟೇಜ್ ಸ್ವಲ್ಪ ಏರಿದರೆ ಕರೆಂಟ್ ಕೂಡ ಸ್ವಲ್ಪವೇ ಏರುತ್ತಿತ್ತು. ಎಲ್‌ಇಡಿ ಹಾಗಲ್ಲ. ಕೆಂಪು ಎಲ್‌ಇಡಿ ಸುಮಾರು 1.7 ವೋಲ್ಟ್‌ವರೆಗೆ ಹೆಚ್ಚುಕಮ್ಮಿ ಏನನ್ನೂ ಬಿಡುವುದಿಲ್ಲ. 2 ವೋಲ್ಟ್ ಹತ್ತಿರ ಚೆನ್ನಾಗಿ ಹತ್ತುತ್ತದೆ. ಅಲ್ಲಿಂದ ಮುಂದೆ ವೋಲ್ಟೇಜ್ ಇಷ್ಟೇ ಇಷ್ಟು ಏರಿದರೂ ಕರೆಂಟ್ ಎಷ್ಟೋ ಪಟ್ಟು ನುಗ್ಗುತ್ತದೆ. 5 ಮಿಲಿಮೀಟರ್ ಎಲ್‌ಇಡಿಗೆ ಸಾಮಾನ್ಯ ಮಿತಿ 20 ಮಿಲಿಆಂಪಿಯರ್. 6 ವೋಲ್ಟನ್ನು ನೇರ ಕೊಟ್ಟರೆ ಆ ಮಿತಿ ಕ್ಷಣದಲ್ಲಿ ದಾಟುತ್ತದೆ.

ರೆಸಿಸ್ಟರ್‌ನ ಕೆಲಸ ಉಳಿದ ವೋಲ್ಟೇಜನ್ನು ತಾನು ಹೊತ್ತುಕೊಂಡು ಕರೆಂಟನ್ನು ಹಿಡಿತದಲ್ಲಿ ಇಡುವುದು. ಲೆಕ್ಕ ಹೀಗೆ:

ಸೆಲ್‌ಗಳದ್ದು 6.3 ವೋಲ್ಟ್. ಅದರಲ್ಲಿ ಎಲ್‌ಇಡಿಗೆ 2. ಉಳಿದದ್ದು 4.3. ನಮಗೆ ಬೇಕಾದ ಕರೆಂಟ್ 10 ಮಿಲಿಆಂಪಿಯರ್, ಅಂದರೆ 0.01 ಆಂಪಿಯರ್. 4.3ನ್ನು 0.01ರಿಂದ ಭಾಗಿಸಿದರೆ 430 ಓಮ್. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಹತ್ತಿರದ ಬೆಲೆ 470. ಅದನ್ನು ಹಾಕಿದರೆ ಕರೆಂಟ್ ಸುಮಾರು 9 ಮಿಲಿಆಂಪಿಯರ್. ಕಣ್ಣಿಗೆ ಇದು ಧಾರಾಳ. ಲೆಕ್ಕದ ಬೆಲೆಯೇ ಸಿಗದಿದ್ದರೆ ಮೇಲಿನದನ್ನು ಆರಿಸಿ, ಕೆಳಗಿನದನ್ನಲ್ಲ.

ಪರೀಕ್ಷೆಯಲ್ಲಿ ಲೆಕ್ಕ ಮಾಡುವವರು ಇಲ್ಲಿ ಎಡವುವುದು ಒಂದೇ ಕಡೆ. 6.3ನ್ನೇ ನೇರ ಭಾಗಿಸಿಬಿಡುತ್ತಾರೆ. ರೆಸಿಸ್ಟರ್ ಮೇಲೆ ಬೀಳುವ ವೋಲ್ಟೇಜ್ ಪೂರ್ತಿ 6.3 ಅಲ್ಲ, ಎಲ್‌ಇಡಿಯ ಪಾಲು ಕಳೆದು ಉಳಿದದ್ದು. ಪಠ್ಯದಲ್ಲಿ ವಿಭವಾಂತರ ಅಂತ ಓದಿದ್ದೀರಲ್ಲ, ಅದು ಯಾವಾಗಲೂ ಎರಡು ಬಿಂದುಗಳ ನಡುವಿನದು. ಯಾವ ಎರಡು ಬಿಂದು ಅಂತ ಕೇಳಿಕೊಳ್ಳದೆ ಸೂತ್ರಕ್ಕೆ ಅಂಕಿ ಹಾಕಬೇಡಿ.

"ಎರಡು ಸೆಲ್‌ಗೆ ನೀಲಿ ಎಲ್‌ಇಡಿ ನೇರ ಹಾಕಿದೆ, ಏನೂ ಆಗಲಿಲ್ಲವಲ್ಲ?" ಅಂತ ಕೇಳುವವರಿದ್ದಾರೆ. ನೀಲಿ, ಬಿಳಿ ಎಲ್‌ಇಡಿಗಳಿಗೆ ಬೇಕಾದದ್ದೇ 3 ವೋಲ್ಟ್ ಆಸುಪಾಸು. ಎರಡು ಸೆಲ್ ಕೊಡುವುದೂ 3. ಹಾಗಾಗಿ ಬಚಾವಾಯಿತು. ಅದೇ ಎರಡು ಸೆಲ್‌ಗೆ ಕೆಂಪನ್ನು ನೇರ ಹಾಕಿದರೆ ಬಚಾವಾಗುವ ಖಾತ್ರಿ ಇಲ್ಲ.

ಈಗ ಕೈಯಲ್ಲಿರುವುದು 470 ಓಮ್ ಹೌದಾ ಅಂತ ನೋಡಿ. ರೆಸಿಸ್ಟರ್‌ನ ಮೈಮೇಲಿನ ಪಟ್ಟಿಗಳು ಹಳದಿ, ನೇರಳೆ, ಕಂದು, ಕೊನೆಗೆ ಚಿನ್ನದ ಬಣ್ಣ. ಮೂರನೆಯ ಪಟ್ಟಿ ಕಂದು ಬದಲು ಕಿತ್ತಳೆ ಇದ್ದರೆ ಅದು 47,000 ಓಮ್, ಎಲ್‌ಇಡಿ ಮಿಣಮಿಣ ಅನ್ನುತ್ತದೆ ಅಷ್ಟೇ. ಕಪ್ಪು ಇದ್ದರೆ 47 ಓಮ್, ಎಲ್‌ಇಡಿ ಉಳಿಯುವುದಿಲ್ಲ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಕಂದು, ಕಿತ್ತಳೆ, ಕೆಂಪು ಮೂರೂ ಒಂದೇ ಥರ ಕಾಣುತ್ತವೆ. ಅದಕ್ಕೇ ಬಣ್ಣ ನಂಬಿ ಕೂರದೆ ಮೀಟರ್‌ನ ನಾಬನ್ನು ಓಮ್ ಭಾಗದ 2000ಕ್ಕೆ ತಿರುಗಿಸಿ ಅಳೆಯಿರಿ. ಚಿನ್ನದ ಪಟ್ಟಿ ಅಂದರೆ ಶೇಕಡ 5ರಷ್ಟು ಆಚೆ ಈಚೆ ಇರಬಹುದು. 447ರಿಂದ 493ರ ನಡುವೆ ಏನು ಬಂದರೂ ಸರಿ. ಓಮ್ ಅಳೆಯುವಾಗ ರೆಸಿಸ್ಟರ್ ಬೋರ್ಡಿನ ಹೊರಗೆ ಇರಬೇಕು, ಸೆಲ್‌ಗೆ ಸೇರಿರಬಾರದು.

## ಹಂತ 4: ಬ್ರೆಡ್‌ಬೋರ್ಡ್‌ನ ಒಳಗೆ ಏನಿದೆ?

ಹತ್ತದ ಸರ್ಕ್ಯೂಟ್‌ಗಳಲ್ಲಿ ದೊಡ್ಡ ಪಾಲು ಇಲ್ಲಿನ ತಪ್ಪು ತಿಳಿವಳಿಕೆಯಿಂದ ಬರುತ್ತದೆ. ಬೋರ್ಡಿನ ಮಧ್ಯೆ ಉದ್ದಕ್ಕೆ ಒಂದು ಕಾಲುವೆ ಇದೆ. ಅದರ ಆಚೆ ಈಚೆ ಅಡ್ಡಕ್ಕೆ ಐದೈದು ತೂತಿನ ಸಾಲುಗಳು. ಪ್ರತಿ ಸಾಲಿನ ಐದೂ ತೂತು ಒಳಗೆ ಒಂದೇ ತಗಡಿನ ಪಟ್ಟಿಗೆ ಸೇರಿವೆ. ಪಕ್ಕದ ಸಾಲಿಗೂ ಅದಕ್ಕೂ ಸಂಬಂಧ ಇಲ್ಲ. ಕಾಲುವೆಯ ಆಚೆಗಿನ ಐದಕ್ಕೂ ಸಂಬಂಧ ಇಲ್ಲ. ಅಂಚಿನಲ್ಲಿ ಕೆಂಪು, ನೀಲಿ ಗೆರೆ ಪಕ್ಕ ಇರುವ ತೂತುಗಳು ಮಾತ್ರ ಉದ್ದಕ್ಕೆ ಸೇರಿವೆ. ಅವು ಪ್ಲಸ್ ಮತ್ತು ಮೈನಸ್ ಹಂಚುವ ಸಾಲುಗಳು. ಉದ್ದದ ಕೆಲವು ಬೋರ್ಡುಗಳಲ್ಲಿ ಈ ಸಾಲು ನಡುವೆ ತುಂಡಾಗಿರುತ್ತದೆ. ಗೆರೆ ಎಲ್ಲಿ ನಿಂತಿದೆ ಅಂತ ನೋಡಿ.

ಇದರಿಂದ ಎರಡು ತಪ್ಪು ಹುಟ್ಟುತ್ತವೆ. ಒಂದು, ಎಲ್‌ಇಡಿಯ ಎರಡೂ ಕಾಲನ್ನು ಒಂದೇ ಐದು ತೂತಿನ ಸಾಲಿಗೆ ಚುಚ್ಚುವುದು. ಆಗ ಕರೆಂಟ್ ಎಲ್‌ಇಡಿಯೊಳಗೆ ಹೋಗುವುದೇ ಇಲ್ಲ, ತಗಡಿನ ಪಟ್ಟಿಯಲ್ಲೇ ದಾಟಿಕೊಳ್ಳುತ್ತದೆ. ಇನ್ನೊಂದು, ಎರಡು ಕಾಲು ಸೇರಬೇಕಾದ ಕಡೆ ಅಕ್ಕಪಕ್ಕದ ಸಾಲಿಗೆ ಚುಚ್ಚುವುದು. ನೋಡಲು ತಾಗಿದ ಹಾಗೇ ಇರುತ್ತದೆ, ಒಳಗೆ ತಾಗಿರುವುದಿಲ್ಲ.

## ಹಂತ 5: ಸುತ್ತು ಪೂರ್ತಿ ಮಾಡಿ

ಸರ್ಕ್ಯೂಟ್ ಅಂದರೆ ಪ್ಲಸ್‌ನಿಂದ ಹೊರಟು ಎಲ್ಲೂ ತುಂಡಾಗದೆ ಮೈನಸ್‌ಗೆ ಬಂದು ಸೇರುವ ಸುತ್ತು. ಎಲ್‌ಇಡಿಗೆ ಕರೆಂಟ್ "ಕಳಿಸಿದರೆ" ಸಾಲದು, ವಾಪಸ್ ಬರುವ ದಾರಿಯೂ ಬೇಕು. ಜೋಡಿಸುವಾಗ ಬೆರಳಿಟ್ಟು ಆ ಸುತ್ತನ್ನು ಹಿಂಬಾಲಿಸುತ್ತಾ ಹೋಗಿ. ಎಲ್ಲವೂ ಕಾಲುವೆಯ ಒಂದೇ ಬದಿಯಲ್ಲಿ ಇರಲಿ.

1. ಹೋಲ್ಡರ್‌ನ ಕೆಂಪು ವೈರನ್ನು ಅಂಚಿನ ಕೆಂಪು ಗೆರೆಯ ಸಾಲಿಗೆ, ಕಪ್ಪು ವೈರನ್ನು ನೀಲಿ ಗೆರೆಯ ಸಾಲಿಗೆ ಚುಚ್ಚಿ. ಒಂದು ಸೆಲ್ ಇನ್ನೂ ಹೊರಗಿದೆ ಅಲ್ವಾ, ಖಾತ್ರಿ ಮಾಡಿಕೊಳ್ಳಿ.
2. ಕೆಂಪು ಗೆರೆಯಿಂದ 5ನೇ ಸಾಲಿಗೆ ಒಂದು ಜಂಪರ್ ವೈರ್. ಸದ್ಯಕ್ಕೆ ಇದೇ ನಮ್ಮ ಸ್ವಿಚ್.
3. ರೆಸಿಸ್ಟರ್‌ನ ಒಂದು ಕಾಲು 5ನೇ ಸಾಲಿಗೆ, ಇನ್ನೊಂದು 12ನೇ ಸಾಲಿಗೆ. ರೆಸಿಸ್ಟರ್‌ಗೆ ತಲೆ ಬಾಲ ಇಲ್ಲ, ಹೇಗೆ ಹಾಕಿದರೂ ನಡೆಯುತ್ತದೆ.
4. ಎಲ್‌ಇಡಿಯ ಉದ್ದನೆಯ ಕಾಲು 12ನೇ ಸಾಲಿಗೆ, ಗಿಡ್ಡ ಕಾಲು 13ನೇ ಸಾಲಿಗೆ.
5. 13ನೇ ಸಾಲಿನಿಂದ ನೀಲಿ ಗೆರೆಗೆ ಇನ್ನೊಂದು ಜಂಪರ್ ವೈರ್.
6. ಬೆರಳಿಟ್ಟು ಸುತ್ತನ್ನು ಮತ್ತೊಮ್ಮೆ ನೋಡಿ. ಎಲ್‌ಇಡಿಯ ಬರಿಯ ಕಾಲುಗಳು ಒಂದಕ್ಕೊಂದು ತಾಗುತ್ತಿಲ್ಲ ತಾನೆ? ಈಗ ನಾಲ್ಕನೆಯ ಸೆಲ್ ಹಾಕಿ.

ಎಲ್‌ಇಡಿಯ ಉದ್ದ ಕಾಲು ಪ್ಲಸ್ ಕಡೆಗೆ. ಹಳೆಯದಾಗಿ ಕಾಲು ಕತ್ತರಿಸಿದ್ದರೆ ಬುಡದ ಅಂಚನ್ನು ಬೆರಳಿನಿಂದ ಸವರಿ. ಚಪ್ಪಟೆ ಇರುವ ಕಡೆ ಮೈನಸ್. ತಿರುಗುಮುರುಗು ಹಾಕಿದರೆ ಹತ್ತುವುದಿಲ್ಲ. ರೆಸಿಸ್ಟರ್ ಇರುವಾಗ ಇಷ್ಟು ಕಡಿಮೆ ವೋಲ್ಟೇಜ್‌ಗೆ ಸಾಮಾನ್ಯವಾಗಿ ಕೆಡುವುದೂ ಇಲ್ಲ. ಆದರೆ ಹಾಗೇ ಬಿಟ್ಟು ಕೂರಬೇಡಿ.

ನಾಲ್ಕು ಕಾಲಿನ ಒತ್ತು ಸ್ವಿಚ್ಚನ್ನು ಮೊದಲ ದಿನವೇ ತರಬೇಡಿ ಅಂತ ಹೇಳುತ್ತೇನೆ. ಅದರ ಕಾಲುಗಳಲ್ಲಿ ಎರಡೆರಡು ಒಳಗೇ ಸೇರಿರುತ್ತವೆ. ತಪ್ಪು ಜೋಡಿಗೆ ಹಾಕಿದರೆ ಒತ್ತದೆಯೇ ಹತ್ತಿಕೊಂಡಿರುತ್ತದೆ. ವೈರ್ ಕಿತ್ತು ಚುಚ್ಚಿದರೆ ಅದೇ ಸ್ವಿಚ್, ಮತ್ತು ಅದರಲ್ಲಿ ಅನುಮಾನಕ್ಕೆ ಜಾಗ ಇಲ್ಲ.

## ಹಂತ 6: ಹತ್ತಿತು. ಈಗಲೇ ನಿಲ್ಲಿಸಬೇಡಿ

ಹತ್ತಿದ ಕೂಡಲೇ ಎಲ್ಲವನ್ನೂ ಕಿತ್ತು ಮುಂದಿನ ಪ್ರಯೋಗಕ್ಕೆ ಹಾರುವುದು ಸಹಜ. ಆದರೆ ಸರಿಯಾಗಿರುವ ಸರ್ಕ್ಯೂಟ್‌ನ ಅಂಕಿಗಳು ಗೊತ್ತಿದ್ದರೆ ಮಾತ್ರ ಕೆಟ್ಟದ್ದನ್ನು ಗುರುತಿಸಬಹುದು. ಈ ಹಂತವನ್ನು ದಯವಿಟ್ಟು ಬಿಡಬೇಡಿ. ಇಡೀ ಪಾಠದ ತಿರುಳು ಇದೇ.

ಮೀಟರ್‌ನ ನಾಬನ್ನು ಮತ್ತೆ ಡಿಸಿ 20ಕ್ಕೆ ತನ್ನಿ. ಕಪ್ಪು ಕಡ್ಡಿಯನ್ನು ಸೆಲ್‌ಗಳ ಮೈನಸ್‌ಗೆ, ಅಂದರೆ ಕಪ್ಪು ವೈರ್ ಹೋಲ್ಡರ್‌ನಿಂದ ಹೊರಡುವ ಲೋಹದ ತುದಿಗೆ, ಹಿಡಿದು ಅಲ್ಲೇ ಇಡಿ. ಕೆಂಪು ಕಡ್ಡಿಯನ್ನು ಸುತ್ತಿನ ಉದ್ದಕ್ಕೂ ನಡೆಸಿ. ಕಡ್ಡಿ ಬ್ರೆಡ್‌ಬೋರ್ಡಿನ ತೂತಿಗೆ ಹೋಗುವುದಿಲ್ಲ. ಅದೇ ಸಾಲಿನಲ್ಲಿರುವ ರೆಸಿಸ್ಟರ್, ಎಲ್‌ಇಡಿಯ ಬರಿಯ ಕಾಲಿಗೆ ತಾಗಿಸಿದರೆ ಸಾಕು.

- ಕೆಂಪು ಗೆರೆಯ ಸಾಲು: 6.3
- 5ನೇ ಸಾಲು, ರೆಸಿಸ್ಟರ್‌ಗೆ ಮೊದಲು: 6.3
- 12ನೇ ಸಾಲು, ರೆಸಿಸ್ಟರ್ ದಾಟಿದ ಮೇಲೆ: ಸುಮಾರು 2
- 13ನೇ ಸಾಲು, ಎಲ್‌ಇಡಿ ದಾಟಿದ ಮೇಲೆ: 0

ವೈರ್‌ನ ಉದ್ದಕ್ಕೆ ವೋಲ್ಟೇಜ್ ಬದಲಾಗಲೇ ಇಲ್ಲ ನೋಡಿ. ರೆಸಿಸ್ಟರ್‌ನಲ್ಲಿ 4.3 ಇಳಿಯಿತು, ಎಲ್‌ಇಡಿಯಲ್ಲಿ 2 ಇಳಿಯಿತು. ಎರಡನ್ನೂ ಕೂಡಿದರೆ ಸೆಲ್ ಕೊಟ್ಟ 6.3. ಸುತ್ತಿನಲ್ಲಿ ಇಳಿದದ್ದೆಲ್ಲ ಸೇರಿ ಸೆಲ್ ಕೊಟ್ಟಷ್ಟೇ ಆಗಬೇಕು, ಒಂದು ಚೂರೂ ಎಲ್ಲೂ ಕಾಣೆಯಾಗುವಂತಿಲ್ಲ. ಹಾಳೆಯಲ್ಲಿ ಈ ನಾಲ್ಕು ಅಂಕಿ ಬರೆಯಿರಿ. ನಿಮ್ಮ ಸೆಲ್, ನಿಮ್ಮ ಎಲ್‌ಇಡಿಗೆ ತಕ್ಕಂತೆ ಸ್ವಲ್ಪ ಬೇರೆ ಬರುತ್ತವೆ, ಕೂಡಿಸಿದಾಗ ಹೊಂದಿದರೆ ಸಾಕು.

## ಹಂತ 7: ಕರೆಂಟ್ ಅಳೆಯುವುದು

ವೋಲ್ಟೇಜ್ ಅಳೆಯಲು ಕಡ್ಡಿಗಳನ್ನು ಪಕ್ಕದಲ್ಲಿ ತಾಗಿಸಿದಿರಿ. ಕರೆಂಟ್ ಅಳೆಯಲು ಸುತ್ತನ್ನೇ ತುಂಡು ಮಾಡಿ ಮೀಟರನ್ನು ನಡುವೆ ಸೇರಿಸಬೇಕು. ಮೀಟರ್‌ನ ಒಳಗಿಂದಲೇ ಕರೆಂಟ್ ಹಾದುಹೋಗಬೇಕು.

ಒಂದು ಸೆಲ್ ತೆಗೆಯಿರಿ. ನಾಬನ್ನು ಡಿಸಿ ಆಂಪಿಯರ್ ಭಾಗದ 200 ಮಿಲಿಆಂಪಿಯರ್‌ಗೆ ತನ್ನಿ. 13ನೇ ಸಾಲಿನಿಂದ ನೀಲಿ ಗೆರೆಗೆ ಹೋಗುವ ವೈರ್‌ನ ನೀಲಿ ಗೆರೆಯ ತುದಿಯನ್ನು ಕಿತ್ತು, ಆ ತುದಿಗೆ ಕೆಂಪು ಕಡ್ಡಿ ತಾಗಿಸಿ. ನೀಲಿ ಗೆರೆಯಲ್ಲಿ ಇನ್ನೊಂದು ಜಂಪರ್ ಚುಚ್ಚಿ, ಅದರ ತುದಿಗೆ ಕಪ್ಪು ಕಡ್ಡಿ. ಹಿಡಿದುಕೊಳ್ಳಲು ಜೊತೆಗೊಬ್ಬರಿದ್ದರೆ ಸುಲಭ. ಸೆಲ್ ಹಾಕಿ. 9ರ ಆಸುಪಾಸು ಬರಬೇಕು.

ಈಗ ಈ ವೈರನ್ನು ಮೊದಲಿನಂತೆ ಸೇರಿಸಿ, ಅದೇ ಅಳತೆಯನ್ನು ಪ್ಲಸ್ ಕಡೆಯ ಜಂಪರ್ ಇದ್ದ ಜಾಗದಲ್ಲಿ ಮಾಡಿ. ಅದೇ ಅಂಕಿ. ಎಲ್‌ಇಡಿಗೆ ಮೊದಲೂ ಅಷ್ಟೇ, ಆಮೇಲೂ ಅಷ್ಟೇ. ಬಲ್ಬು ಕರೆಂಟನ್ನು ತಿಂದುಬಿಡುತ್ತದೆ, ಅದರಾಚೆ ಕಡಿಮೆ ಉಳಿಯುತ್ತದೆ ಅನ್ನುವ ನಂಬಿಕೆ ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ ಓದಿ ಹೇಳಿದರೆ ಹೋಗುವುದಿಲ್ಲ. ಈ ಎರಡು ಅಳತೆ ಮಾಡಿದರೆ ಹೋಗುತ್ತದೆ. ಖರ್ಚಾಗುವುದು ಸೆಲ್‌ನ ಶಕ್ತಿ. ಒಂದೇ ಸುತ್ತಿನಲ್ಲಿ ಹರಿಯುವ ಕರೆಂಟ್ ಎಲ್ಲ ಕಡೆ ಒಂದೇ.

ಅಳತೆ ಮುಗಿದ ತಕ್ಷಣ ನಾಬನ್ನು ವೋಲ್ಟ್‌ಗೆ ತಿರುಗಿಸಿ. ಆಂಪಿಯರ್ ಜಾಗದಲ್ಲಿ ಮೀಟರ್ ಹೆಚ್ಚುಕಮ್ಮಿ ಒಂದು ತುಂಡು ವೈರ್ ಇದ್ದ ಹಾಗೆ. ಮರೆತು ಸೆಲ್‌ನ ಎರಡು ತುದಿಗೆ ತಾಗಿಸಿದರೆ ಅದು ಶಾರ್ಟ್, ಮೀಟರ್‌ನ ಫ್ಯೂಸ್ ಹೋಗುತ್ತದೆ. "ವೋಲ್ಟ್ ಸರಿ ತೋರಿಸುತ್ತೆ, ಕರೆಂಟ್ ಮಾತ್ರ ಸೊನ್ನೆ" ಅನ್ನುವ ಮೀಟರ್‌ಗಳಲ್ಲಿ ಮೊದಲು ನೋಡಬೇಕಾದದ್ದು ಆ ಫ್ಯೂಸ್.

## ಹಂತ 8: ಹತ್ತದಿದ್ದರೆ ಹುಡುಕುವ ಕ್ರಮ

ವೈರ್‌ಗಳನ್ನು ಅಲ್ಲಾಡಿಸಬೇಡಿ. ಎಲ್‌ಇಡಿ ಬದಲಿಸಬೇಡಿ. ಅಲ್ಲಾಡಿಸಿದಾಗ ಒಮ್ಮೆ ಹತ್ತಿದರೂ ಕಾರಣ ಗೊತ್ತಾಗುವುದಿಲ್ಲ, ಐದು ನಿಮಿಷಕ್ಕೆ ಮತ್ತೆ ಹೋಗುತ್ತದೆ. ಹಂತ 6ರ ನಡಿಗೆಯನ್ನೇ ಮತ್ತೆ ಮಾಡಿ: ಕಪ್ಪು ಕಡ್ಡಿ ಹೋಲ್ಡರ್‌ನ ಮೈನಸ್‌ನಲ್ಲಿ, ಕೆಂಪು ಕಡ್ಡಿ ಸುತ್ತಿನ ಮೇಲೆ.

ಕೆಂಪು ಗೆರೆಯಲ್ಲೇ 6.3 ಇಲ್ಲ. ತೊಂದರೆ ಸೆಲ್ ಕಡೆ. ಮೊದಲು ಹೋಲ್ಡರ್‌ನ ವೈರ್‌ಗಳನ್ನು ಬೋರ್ಡಿನಿಂದ ತೆಗೆದು ಬೇರೆಯಾಗಿ ಅಳೆಯಿರಿ. ಆಗ 6.3 ಬಂದು, ಬೋರ್ಡಿಗೆ ಸೇರಿಸಿದರೆ ಧಡಕ್ಕನೆ ಬಿದ್ದರೆ ಎಲ್ಲೋ ಶಾರ್ಟ್ ಇದೆ, ಇಲ್ಲವೇ ಸೆಲ್ ಒಳಗೆ ಸತ್ತಿದೆ. ಹಳೆಯ ಸೆಲ್ ಯಾವುದಕ್ಕೂ ಸೇರಿಸದೆ ಅಳೆದಾಗ ಚೆನ್ನಾಗೇ ತೋರಿಸಿ, ಕೆಲಸಕ್ಕೆ ಹಚ್ಚಿದಾಗ ಕುಸಿಯುತ್ತದೆ.

ಕೆಂಪು ಗೆರೆಯಲ್ಲಿ 6.3, 5ನೇ ಸಾಲಿನಲ್ಲಿ 0. ನಡುವಿನ ಜಂಪರ್ ಒಳಗೆ ತುಂಡಾಗಿದೆ ಅಥವಾ ಪಕ್ಕದ ಸಾಲಿಗೆ ಚುಚ್ಚಿದೆ. ಅಗ್ಗದ ಜಂಪರ್‌ಗಳಲ್ಲಿ ಪ್ಲಾಸ್ಟಿಕ್ ಹೊದಿಕೆ ಸರಿಯಿದ್ದು ಒಳಗೆ ತಂತಿ ಬಿಟ್ಟಿರುವುದು ಮಾಮೂಲಿ.

5ರಲ್ಲಿ 6.3, 12ರಲ್ಲಿಯೂ 6.3, 13ರಲ್ಲಿ 0. ರೆಸಿಸ್ಟರ್‌ನಲ್ಲಿ ಏನೂ ಇಳಿದಿಲ್ಲ. ಅಂದರೆ ಕರೆಂಟ್ ಹರಿಯುತ್ತಿಲ್ಲ, ಪೂರ್ತಿ ವೋಲ್ಟೇಜ್ ಎಲ್‌ಇಡಿಯ ಮೇಲೆ ಕೂತಿದೆ. ಎಲ್‌ಇಡಿ ತಿರುಗುಮುರುಗಾಗಿದೆ ಅಥವಾ ಸುಟ್ಟಿದೆ. ಮೊದಲು ತಿರುಗಿಸಿ ನೋಡಿ.

12ರಲ್ಲಿ 6ರ ಹತ್ತಿರ, 13ರಲ್ಲಿ ನಾಲ್ಕೂವರೆ, ಐದು. ಇದು ಬಹಳ ಜನರನ್ನು ಗೊಂದಲಕ್ಕೆ ತಳ್ಳುವ ಅಂಕಿ. ಎಲ್‌ಇಡಿ ಹತ್ತಿಲ್ಲ, ಆದರೂ ಅದರಾಚೆ ವೋಲ್ಟೇಜ್ ಕಾಣುತ್ತಿದೆ. ತುಂಡಾಗಿರುವುದು ಎಲ್‌ಇಡಿಯಿಂದ ಮೈನಸ್‌ಗೆ ಹೋಗುವ ದಾರಿ. ಆ ಜಾಗದಲ್ಲಿ ಈಗ ಮೀಟರೇ ದಾರಿಯಾಗಿದೆ. ಅದು ಬಿಡುವ ಕರೆಂಟ್ ತೀರಾ ಕಡಿಮೆ, ಕಣ್ಣಿಗೆ ಬೆಳಕು ಕಾಣುವುದಿಲ್ಲ, ಆದರೆ ಎಲ್‌ಇಡಿಯಲ್ಲಿ ಒಂದೂವರೆ ವೋಲ್ಟ್ ಇಳಿಸಲು ಸಾಕು. 13ನೇ ಸಾಲು ಮತ್ತು ನೀಲಿ ಗೆರೆಯ ನಡುವಿನ ವೈರ್, ಆಮೇಲೆ ಹೋಲ್ಡರ್‌ನ ಕಪ್ಪು ವೈರ್, ಈ ಕ್ರಮದಲ್ಲಿ ನೋಡಿ.

12ರಲ್ಲಿಯೂ 0, 13ರಲ್ಲಿಯೂ 0, 5ರಲ್ಲಿ 6.3. ಪೂರ್ತಿ ವೋಲ್ಟೇಜ್ ರೆಸಿಸ್ಟರ್ ಮೇಲಿದೆ. ಎಲ್‌ಇಡಿಯ ಎರಡು ಕಾಲು ಒಂದಕ್ಕೊಂದು ತಾಗಿವೆ. ಹಾಗಿಲ್ಲದಿದ್ದರೆ ರೆಸಿಸ್ಟರ್‌ನ ಕಾಲು 12ನೇ ಸಾಲಿಗೆ ಸರಿಯಾಗಿ ಕೂತಿಲ್ಲ.

ಎಲ್ಲದರಲ್ಲೂ ಕೇಳುವ ಪ್ರಶ್ನೆ ಒಂದೇ: ವೋಲ್ಟೇಜ್ ಎಲ್ಲಿ ಹೋಗಿ ಕೂತಿದೆ? ತುಂಡಾದ ಸುತ್ತಿನಲ್ಲಿ ಅದು ತುಂಡಾದ ಜಾಗದ ಎರಡು ದಡಗಳ ನಡುವೆ ಕೂರುತ್ತದೆ.

ಎಲ್‌ಇಡಿ ಸುಟ್ಟಿದೆಯಾ ಅಂತ ಅನುಮಾನ ಇದ್ದರೆ ಅದನ್ನು ಹೊರಗೆ ತೆಗೆದು ಮೀಟರ್‌ನ ಡಯೋಡ್ ಚಿಹ್ನೆಯ ಜಾಗದಲ್ಲಿ ನೋಡಿ. ಬಾಣ, ಅದರ ತುದಿಗೆ ಅಡ್ಡ ಗೆರೆ ಇರುವ ಚಿಹ್ನೆ ಅದು. ಕೆಂಪು ಕಡ್ಡಿ ಉದ್ದ ಕಾಲಿಗೆ. ಚೆನ್ನಾಗಿರುವ ಕೆಂಪು ಎಲ್‌ಇಡಿ ಮಂದವಾಗಿ ಹತ್ತುತ್ತದೆ. ನೀಲಿ, ಬಿಳಿ ಹತ್ತದಿದ್ದರೆ ಕೆಟ್ಟಿದೆ ಅಂತ ತೀರ್ಮಾನಿಸಬೇಡಿ. ಅಗ್ಗದ ಮೀಟರ್ ಕೊಡುವ ವೋಲ್ಟೇಜ್ ಅವಕ್ಕೆ ಸಾಲದೇ ಇರಬಹುದು.

## ಹಂತ 9: ಎರಡನೆಯ ಎಲ್‌ಇಡಿ

ಮೊದಲು ಸರಣಿ. ಒಂದು ಕೆಂಪಿನ ಹಿಂದೆ ಇನ್ನೊಂದು ಕೆಂಪು, ಅದೇ ಸುತ್ತಿನಲ್ಲಿ. ಇಬ್ಬರಿಗೂ ಎರಡೆರಡು ವೋಲ್ಟ್ ಹೋಗಿ ರೆಸಿಸ್ಟರ್‌ಗೆ ಉಳಿಯುವುದು 2.3. 470 ಓಮ್‌ನಲ್ಲೇ ಬಿಟ್ಟರೆ ಕರೆಂಟ್ 5 ಮಿಲಿಆಂಪಿಯರ್‌ಗೆ ಇಳಿದು ಬೆಳಕು ಮಂದವಾಗುತ್ತದೆ. 220 ಓಮ್ ಹಾಕಿದರೆ ಮತ್ತೆ 10ರ ಹತ್ತಿರ. ಮೂರನೆಯ ಕೆಂಪು ಸೇರಿಸಿದರೆ ಎಲ್‌ಇಡಿಗಳಿಗೇ 6 ವೋಲ್ಟ್ ಬೇಕು, ಉಳಿಯುವುದು 0.3 ಮಾತ್ರ. ಹತ್ತಿದರೂ ಮಿಣಮಿಣ. ಸೆಲ್ ಸ್ವಲ್ಪ ಇಳಿದರೆ ಅದೂ ಇಲ್ಲ. "ಮೂರು ಹಾಕಿದೆ, ಹತ್ತಲಿಲ್ಲ, ಎಲ್‌ಇಡಿ ಕೆಟ್ಟಿದೆ" ಅನ್ನುವ ದೂರಿಗೆ ಉತ್ತರ ಈ ಕೂಡು ಲೆಕ್ಕದಲ್ಲೇ ಇದೆ. ದೀಪಾವಳಿಯ ಹಳೆಯ ಸೀರಿಯಲ್ ಸೆಟ್‌ನಲ್ಲಿ ಒಂದು ಬಲ್ಬ್ ಹೋದರೆ ಸಾಲಿಗೆ ಸಾಲೇ ಆರುತ್ತಿತ್ತಲ್ಲ, ಅದೂ ಇದೇ ಜೋಡಣೆ. ಆದರೆ ಅದು 230 ವೋಲ್ಟಿನದು, ಬಿಚ್ಚಿ ನೋಡಲು ಹೋಗಬೇಡಿ.

ಸಮಾಂತರದಲ್ಲಿ ಪ್ರತಿ ಎಲ್‌ಇಡಿಗೂ ತನ್ನದೇ ಸುತ್ತು, ತನ್ನದೇ ರೆಸಿಸ್ಟರ್. ಕೆಂಪು ಗೆರೆಯಿಂದ ಎರಡು ಜಂಪರ್, ಎರಡು 470 ಓಮ್, ಒಂದಕ್ಕೆ ಕೆಂಪು, ಇನ್ನೊಂದಕ್ಕೆ ನೀಲಿ, ಎರಡೂ ಕೊನೆಗೆ ನೀಲಿ ಗೆರೆಗೆ. ಎರಡೂ ಹತ್ತುತ್ತವೆ. ಕೆಂಪಿಗೆ 9, ನೀಲಿಗೆ 7, ಸೆಲ್‌ನಿಂದ ಒಟ್ಟು 16 ಮಿಲಿಆಂಪಿಯರ್. ಒಂದನ್ನು ಕಿತ್ತರೂ ಇನ್ನೊಂದು ಹತ್ತಿಕೊಂಡೇ ಇರುತ್ತದೆ.

"ಒಂದೇ ರೆಸಿಸ್ಟರ್ ಸಾಲದಾ, ಎರಡು ಯಾಕೆ?" ಮಾಡಿ ನೋಡಿ. ಒಂದು ರೆಸಿಸ್ಟರ್ ದಾಟಿದ ಮೇಲೆ ಕೆಂಪು, ನೀಲಿ ಎರಡನ್ನೂ ಅಕ್ಕಪಕ್ಕ ಸೇರಿಸಿ. ಕೆಂಪು ಹತ್ತುತ್ತದೆ, ನೀಲಿ ಸತ್ತ ಹಾಗೆ ಕೂರುತ್ತದೆ. ಆ ಜಾಗದಲ್ಲಿ ವೋಲ್ಟೇಜ್ ಅಳೆಯಿರಿ, 2 ಇರುತ್ತದೆ. ಕೆಂಪು ಅದನ್ನು 2ರಲ್ಲೇ ಹಿಡಿದಿಟ್ಟಿದೆ, ನೀಲಿಗೆ ಬೇಕಾದ 3ರವರೆಗೆ ಏರಲು ಬಿಡುವುದಿಲ್ಲ. ಕೆಂಪನ್ನು ಕಿತ್ತ ಕ್ಷಣ ನೀಲಿ ಹತ್ತುತ್ತದೆ. ಒಂದೇ ಬಣ್ಣದ ಎರಡನ್ನು ಹೀಗೆ ಹಾಕಿದರೆ ಎರಡೂ ಹತ್ತಬಹುದು, ಆದರೆ ಕರೆಂಟ್ ಸಮನಾಗಿ ಹಂಚಿಕೆಯಾಗುವ ಖಾತ್ರಿ ಇಲ್ಲ. ಎಲ್‌ಇಡಿಗೊಂದು ರೆಸಿಸ್ಟರ್ ಅನ್ನುವ ನಿಯಮಕ್ಕೆ ಅಂಟಿಕೊಳ್ಳಿ.

## ತಕ್ಷಣ ಸೆಲ್ ತೆಗೆಯಬೇಕಾದ ಸೂಚನೆಗಳು

ಸೆಲ್ ಅಥವಾ ಹೋಲ್ಡರ್ ಕೈಗೆ ಬೆಚ್ಚಗೆ ತಾಗಿದರೆ ಶಾರ್ಟ್ ಆಗಿದೆ ಅಂತಲೇ ತಿಳಿಯಿರಿ. 9 ಮಿಲಿಆಂಪಿಯರ್‌ಗೆ ಸೆಲ್ ಬಿಸಿಯಾಗುವ ಮಾತೇ ಇಲ್ಲ. ಪ್ಲಾಸ್ಟಿಕ್ ಸುಟ್ಟ ವಾಸನೆಗೂ ಇದೇ ಮಾತು. ಕೆಂಪು ಎಲ್‌ಇಡಿ ಕಿತ್ತಳೆ, ಹಳದಿ ಬಣ್ಣಕ್ಕೆ ತಿರುಗಿದರೆ ಕರೆಂಟ್ ಮಿತಿ ಮೀರಿದೆ, ರೆಸಿಸ್ಟರ್ ಬೆಲೆ ತಪ್ಪಾಗಿದೆ. ಅದು ತಾನಾಗಿ ಸರಿಹೋಗುವುದಿಲ್ಲ. ಸೆಲ್‌ನ ತುದಿಯಲ್ಲಿ ಬಿಳಿ ಪುಡಿಯೋ ಅಂಟು ದ್ರವವೋ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಚರ್ಮ, ಕಣ್ಣಿಗೆ ಅದು ಕೆಟ್ಟದ್ದು.

## ಎತ್ತಿಡುವಾಗ

ಒಂದು ಸೆಲ್ ಹೊರಗೆ ತೆಗೆದು ಇಡಿ, ಜಂಪರ್ ಕಿತ್ತರೆ ಸಾಲದು. ಡಬ್ಬಿಯಲ್ಲಿ ಹೋಲ್ಡರ್‌ನ ಎರಡು ವೈರ್ ತುದಿ ತಾಗಿದರೆ ರಾತ್ರಿಯಿಡೀ ಶಾರ್ಟ್ ಆಗಿ ಕೂತಿರುತ್ತದೆ. ಮೀಟರನ್ನು ಆಫ್ ಮಾಡಿ. ಅದರೊಳಗಿನ ಬ್ಯಾಟರಿ ಇಳಿದರೆ ಅಗ್ಗದ ಮೀಟರ್‌ಗಳು ಇರುವುದಕ್ಕಿಂತ ಜಾಸ್ತಿ ವೋಲ್ಟೇಜ್ ತೋರಿಸಲು ಶುರುಮಾಡುತ್ತವೆ. ಹೊಸದೇ ಅಲ್ಲದ ಸೆಲ್ 1.8 ಅಂತ ತೋರಿಸಿದರೆ ಸೆಲ್ ಮೇಲೆ ಅಲ್ಲ, ಮೀಟರ್‌ನ ಬ್ಯಾಟರಿ ಮೇಲೆ ಅನುಮಾನ ಪಡಿ.